ಸುಳ್ಳು ಸರ್ಟಿಫಿಕೇಟ್ ಯಾಕೆ, ನಿಮ್ಮ ನಿಜವೇ ಇದೆಯಲ್ಲ

ಪ್ರಶ್ನೆ: ಮೇಡಂ, ನನಗೆ 19 ವರ್ಷ. ಎಂಜಿನಿಯರಿಂಗ್ ಮೊದಲ ವರ್ಷ ಮುಗಿದಿದೆ. ಮೊದಲ ಸೆಮಿಸ್ಟರಿನಲ್ಲಿ ನಾಲ್ಕು ಕ್ರೆಡಿಟ್‌ನ ಗಣಿತದಲ್ಲಿ ಫೇಲಾದೆ. ನಿಮ್ಮನ್ನು ಪ್ರೊಬೇಷನ್‌ನಲ್ಲಿ ಇಟ್ಟಿದ್ದೇವೆ, ಅಂಕ ಏರದಿದ್ದರೆ ತೆಗೆದುಹಾಕುತ್ತೇವೆ ಎಂದು ಎಚ್ಚರಿಕೆಯ ಪತ್ರ ಬಂತು. ಗಣಿತದ ಮೇಷ್ಟ್ರ ಕಣ್ಣಿಗೆ ಬೀಳಲು ನಾಚಿಕೆಯಾಗಿ ಕ್ಲಾಸ್ ತಪ್ಪಿಸಿದೆ, ಆಮೇಲೆ ಉಳಿದ ಕ್ಲಾಸುಗಳೂ ತಪ್ಪಿದವು. ನೋಟ್ಸನ್ನು ಐದಾರು ಸಲ ಓದಿಕೊಂಡು ಹೋದರೂ ಪರೀಕ್ಷೆಯಲ್ಲಿ ಏನೂ ನೆನಪಾಗಲಿಲ್ಲ. ಈಗ 30 ಕ್ರೆಡಿಟ್‌ಗೆ ನನ್ನ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 1.7. ಕನಿಷ್ಠ 2.0 ಇರಬೇಕು. ವಿಶ್ವವಿದ್ಯಾಲಯದಿಂದ ತೆಗೆದುಹಾಕುವುದಾಗಿ ಪತ್ರ ಬಂದಿದೆ, ಅಪೀಲು ಹಾಕಲು 12 ದಿನ ಉಳಿದಿದೆ. ಕಾಮಾಲೆ ಆಗಿತ್ತು ಅಂತ ಒಂದು ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ ಅನ್ನುತ್ತಾನೆ ಗೆಳೆಯ. ಇಲ್ಲದಿದ್ದರೆ ಅವರು ಕಳಿಸುವ ಮೊದಲು ನಾನೇ ಬಿಟ್ಟುಬಿಡಲೇ? ಅಪ್ಪ ಅಮ್ಮನಿಗಾಗಲಿ ಅಕ್ಕನಿಗಾಗಲಿ ಏನೂ ಗೊತ್ತಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ, ಹಗಲೆಲ್ಲ ಹಾಸಿಗೆಯಲ್ಲೇ ಇರುತ್ತೇನೆ. ಬೆಳಿಗ್ಗೆ ಏಳದೇ ಇದ್ದರೇ ಒಳ್ಳೆಯದಿತ್ತು ಅಂತ ಕೆಲವು ದಿನ ಅನ್ನಿಸುತ್ತದೆ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ಅದನ್ನು ಬರೆದದ್ದು ಒಳ್ಳೆಯದಾಯಿತು. ಏಳದೇ ಇದ್ದರೇ ಒಳ್ಳೆಯದಿತ್ತು ಎಂಬ ಯೋಚನೆಯನ್ನು ಒಬ್ಬರೇ ಹೊತ್ತುಕೊಂಡು ಒಂದು ರಾತ್ರಿಯನ್ನೂ ಕಳೆಯಬೇಡಿ. ಇವತ್ತೇ ಅಕ್ಕನಿಗೆ ಫೋನ್ ಮಾಡಿ, ನಾಳೆಯೇ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನೋ ಒಬ್ಬ ವೈದ್ಯರನ್ನೋ ನೋಡಿ. ಆ ಯೋಚನೆ ಜೋರಾಗಿ, ಏನಾದರೂ ಮಾಡಿಕೊಂಡುಬಿಡುತ್ತೇನೆ ಅನ್ನಿಸಿದರೆ ನಾಳೆಯವರೆಗೂ ಕಾಯಬೇಡಿ. ಹತ್ತಿರ ಇರುವವರನ್ನು ಎಬ್ಬಿಸಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅಪೀಲು ಆಮೇಲೆ.

ಈಗ ಸರ್ಟಿಫಿಕೇಟಿನ ಮಾತು. ನಿಮ್ಮ ಪತ್ರ ಓದುತ್ತಾ ನನಗೆ ಬೇಸರವಾದದ್ದು ಇಲ್ಲೇ. ನಿದ್ದೆಯಿಲ್ಲ, ಹಾಸಿಗೆ ಬಿಟ್ಟೇಳಲು ಆಗುವುದಿಲ್ಲ, ಜನರ ಮುಖ ನೋಡಲು ಆಗುವುದಿಲ್ಲ, ಬದುಕೇ ಬೇಡ ಅನ್ನಿಸುತ್ತದೆ. ಇಷ್ಟೆಲ್ಲ ಇರುವವರು ಬಾರದ ಕಾಮಾಲೆಗೆ ಕಾಗದ ಹುಡುಕುತ್ತಿದ್ದೀರಿ! ನಿಮಗಿರುವುದು ಖಿನ್ನತೆಯೋ ಬೇರೆ ಏನಾದರೂ ತೊಂದರೆಯೋ ಎಂದು ಇಲ್ಲಿ ಕುಳಿತು ನಾನು ಹೇಳಲಾರೆ, ವೈದ್ಯರು ಹೇಳುತ್ತಾರೆ. ಅವರು ಪರೀಕ್ಷಿಸಿ ಬರೆದುಕೊಟ್ಟರೆ ಅದು ನಿಜವಾದ ಕಾಗದ, ಅದನ್ನು ಯಾರು ಕೇಳಿದರೂ ಅಂಜದೆ ತೋರಿಸಬಹುದು. ಕಳೆದ ತಿಂಗಳುಗಳಿಗೆ ಅವರು ಸರ್ಟಿಫಿಕೇಟ್ ಕೊಡಲಾರರು. ಆದರೆ ಇವತ್ತಿನ ಸ್ಥಿತಿ ಏನು, ಎಷ್ಟು ದಿನದಿಂದ ಹೀಗಿದೆ ಎಂದು ನೀವು ಹೇಳಿದ್ದೀರಿ, ಯಾವ ಚಿಕಿತ್ಸೆ ಶುರುವಾಗಿದೆ ಎಂಬುದನ್ನು ಬರೆಯಬಹುದು. ಅಪೀಲು ಕೇಳುವ ಸಮಿತಿ ನೋಡುವುದೂ ಬಹುಪಾಲು ಅದನ್ನೇ. ಇನ್ನು ಸುಳ್ಳು ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ಪ್ರಕರಣದ ಜಾತಿಯೇ ಬದಲಾಗುತ್ತದೆ. ಅಂಕ ಕಡಿಮೆಯಾಗಿ ಹೊರಗೆ ಹೋದವರಿಗೆ ಒಂದು ಸೆಮಿಸ್ಟರೋ ಒಂದು ವರ್ಷವೋ ಬಿಟ್ಟು ಮತ್ತೆ ಅರ್ಜಿ ಹಾಕಲು ಅನೇಕ ವಿಶ್ವವಿದ್ಯಾಲಯಗಳು ಅವಕಾಶ ಇಟ್ಟಿರುತ್ತವೆ. ನಕಲಿ ದಾಖಲೆ ಕೊಟ್ಟದ್ದು ಶಿಸ್ತಿನ ವಿಚಾರಣೆಗೆ ಹೋಗುತ್ತದೆ, ಅಲ್ಲಿಂದ ವಾಪಸು ಬರುವ ದಾರಿ ಬಹಳ ಕಿರಿದು. ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೂ ಬೇಡ ಅನ್ನಿ.

ನಾನೇ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಹೀಗೆ ಅನ್ನಿಸುವುದು ನಿಮಗೊಬ್ಬರಿಗೇ ಅಲ್ಲ. ಕೆನಡಾದ ಒಂದು ದೊಡ್ಡ ವಿಶ್ವವಿದ್ಯಾಲಯದ ದಾಖಲೆಗಳನ್ನು ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಪ್ರೊಬೇಷನ್ ಗೆರೆಯ ಸ್ವಲ್ಪ ಕೆಳಗಿದ್ದವರನ್ನು ಸ್ವಲ್ಪ ಮೇಲಿದ್ದವರ ಜೊತೆ ಹೋಲಿಸಿ ನೋಡಿದ್ದರು. ಗೆರೆಯ ಎರಡೂ ಬದಿಯವರ ಓದು ಹೆಚ್ಚುಕಡಿಮೆ ಒಂದೇ. ಆದರೂ ಪತ್ರ ಬಂದವರಲ್ಲಿ ಕೆಲವರು ಎದೆಗುಂದಿ ಓದನ್ನೇ ಬಿಟ್ಟರು, ಬಿಡದೆ ಉಳಿದವರ ಅಂಕ ಏರಿತು. ನಿಮಗೆ ಬಂದಿರುವುದು ಅದಕ್ಕಿಂತ ಮುಂದಿನ ಪತ್ರ, ನಿಜ. ಹಾಗಂತ ಕದ್ದು ಹೊರಟುಹೋಗಬೇಡಿ. ಬಿಡುವುದೇ ಸರಿ ಎಂದು ಆಮೇಲೆ ತೀರ್ಮಾನವಾದರೆ ಅದರಲ್ಲಿ ಅವಮಾನವೇನೂ ಇಲ್ಲ. ಆರೋಗ್ಯದ ಕಾರಣಕ್ಕೆ ಒಂದು ಸೆಮಿಸ್ಟರ್ ರಜೆ ಕೇಳುವ ದಾರಿಯೂ ಇರುತ್ತದೆ, ನಿಮ್ಮ ಸ್ಥಿತಿಯಲ್ಲಿ ನಾನಾದರೆ ಅದನ್ನು ಮೊದಲು ವಿಚಾರಿಸುತ್ತಿದ್ದೆ. ನಿದ್ದೆಯಿಲ್ಲದ, ಯಾರೊಡನೆಯೂ ಮಾತಾಡದ ಈ 12 ದಿನಗಳಲ್ಲಿ ಮಾತ್ರ ಅಂಥ ತೀರ್ಮಾನ ಬೇಡ.

ಅಪೀಲಿನ ಪತ್ರ ಒಂದು ಪುಟ ಸಾಕು. ಏನಾಯಿತು, ಈಗ ಏನು ಬದಲಾಗಿದೆ, ಮುಂದೆ ಏನು ಮಾಡುತ್ತೀರಿ. ಮೊದಲನೆಯದನ್ನು ಎಲ್ಲರೂ ಉದ್ದ ಬರೆಯುತ್ತಾರೆ, ಸಮಿತಿಯವರು ಹುಡುಕುವುದು ಉಳಿದ ಎರಡನ್ನು. 'ಇನ್ನು ಮುಂದೆ ಕಷ್ಟಪಟ್ಟು ಓದುತ್ತೇನೆ' ಎಂಬ ವಾಕ್ಯವನ್ನು ಅವರು ಎಷ್ಟು ಪತ್ರಗಳಲ್ಲಿ ಓದಿರುತ್ತಾರೋ! ಅದರ ಬದಲು ಇಂಥ ದಿನ ವೈದ್ಯರನ್ನು ಕಂಡೆ, ಇಂಥ ದಿನ ಗಣಿತದ ಮೇಷ್ಟ್ರ ಹತ್ತಿರ ಹೋಗಿ ಮಾತಾಡಿದೆ, ಮುಂದಿನ ಸೆಮಿಸ್ಟರಿಗೆ ಇಷ್ಟೇ ವಿಷಯ ತೆಗೆದುಕೊಳ್ಳುತ್ತೇನೆ ಎಂದು ಬರೆಯಿರಿ. ಹಾಗೆ ಬರೆಯಬೇಕಾದರೆ ಅವನ್ನು ಮಾಡಿರಬೇಕು. ಆ ಮೇಷ್ಟ್ರ ಹತ್ತಿರ ಹೋಗುವುದು ಎಷ್ಟು ಕಷ್ಟ ಎಂದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ಆದರೂ ಹೋಗಿ. 'ಸರ್, ನಾನು ನಾಚಿಕೆಯಿಂದ ಕ್ಲಾಸಿಗೆ ಬರಲಿಲ್ಲ' ಎಂದರೆ ಸಾಕು.

ಲೆಕ್ಕವನ್ನೂ ಹಾಕಿಬಿಡೋಣ. ಭಯದಲ್ಲಿ ನೀವು ಇದನ್ನು ಕೂತು ಮಾಡಿಲ್ಲ ಅನ್ನಿಸುತ್ತದೆ. 30 ಕ್ರೆಡಿಟನ್ನು 1.7ರಿಂದ ಗುಣಿಸಿದರೆ ನಿಮ್ಮ ಖಾತೆಯಲ್ಲಿ 51 ಪಾಯಿಂಟ್ ಇದೆ. 2.0 ಆಗಬೇಕಾದರೆ 60 ಬೇಕಿತ್ತು. ಕೊರತೆ ಒಂಬತ್ತೇ ಪಾಯಿಂಟ್. ಫೇಲಾದ ಆ ಗಣಿತಕ್ಕೆ ನಾಲ್ಕು ಕ್ರೆಡಿಟ್, ಈಗ ಅಲ್ಲಿ ಸೊನ್ನೆ ಇದೆ. ಅದನ್ನು ಮತ್ತೆ ಬರೆದು 3.0 ಗ್ರೇಡ್ ತಂದರೆ 12 ಪಾಯಿಂಟ್ ಸೇರುತ್ತದೆ. ಹಳೆಯ ಗ್ರೇಡ್ ತೆಗೆದು ಹೊಸದನ್ನು ಹಾಕುವ ನಿಯಮ ನಿಮ್ಮಲ್ಲಿದ್ದರೆ, ಆ ಒಂದೇ ವಿಷಯದಿಂದ ಈ 30 ಕ್ರೆಡಿಟ್‌ಗಳ ಜಿಪಿಎ 2.1 ಆಗುತ್ತದೆ. ಹಳೆಯದನ್ನೂ ಹೊಸದನ್ನೂ ಎರಡನ್ನೂ ಎಣಿಸುವ ನಿಯಮವಿದ್ದರೆ 34 ಕ್ರೆಡಿಟ್‌ಗೆ 63 ಪಾಯಿಂಟ್, ಸುಮಾರು 1.85, ಸಾಲದು. ನಿಮ್ಮಲ್ಲಿ ಯಾವ ನಿಯಮ ಎಂದು ಪರೀಕ್ಷಾ ವಿಭಾಗದಲ್ಲಿ ನಾಳೆಯೇ ಕೇಳಿ. ಒಟ್ಟು ಜಿಪಿಎ ಜೊತೆ ಮುಂದಿನ ಸೆಮಿಸ್ಟರಿಗೇ ಬೇರೆ ಕನಿಷ್ಠ ಮಿತಿ ಇದೆಯೇ ಎಂದೂ ಕೇಳಿ. ಗಣಿತವನ್ನು ಮತ್ತೆ ಬರೆಯದೆ 15 ಹೊಸ ಕ್ರೆಡಿಟ್ ತೆಗೆದುಕೊಂಡರೆ, ಒಟ್ಟು 2.0 ಮುಟ್ಟಲು ಆ ಸೆಮಿಸ್ಟರಿನಲ್ಲಿ 2.6 ಬರಬೇಕು. 18 ತೆಗೆದುಕೊಂಡರೆ 2.5 ಸಾಕು, ಹಾಗಾಗಿ ಹೆಚ್ಚು ತೆಗೆದುಕೊಳ್ಳುವುದೇ ಲಾಭ ಅನ್ನಿಸಬಹುದು. ಈ ಆಸೆಗೆ ಬೀಳಬೇಡಿ. ಹಾಸಿಗೆಯಿಂದ ಏಳಲು ಕಷ್ಟಪಡುತ್ತಿರುವವರಿಗೆ ಇನ್ನೊಂದು ವಿಷಯದ ಹೊರೆ ಬಿದ್ದರೆ ಉಳಿದ ವಿಷಯಗಳೂ ಕುಸಿಯುತ್ತವೆ.

ನೋಟ್ಸ್ ಐದಾರು ಸಲ ಓದಿದೆ ಎಂದಿರಿ. ದಡ್ಡತನವಲ್ಲ, ಓದಿದ ರೀತಿ ಕೈಕೊಟ್ಟಿದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು, ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಮೂರು ಸಲ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ಶೇ. 40ರಷ್ಟು, ಬರೆದವರಿಗೆ ಶೇ. 61ರಷ್ಟು ನೆನಪಿತ್ತು. ಗಣಿತದಲ್ಲಂತೂ ಬಿಡಿಸಿದ ಲೆಕ್ಕವನ್ನು ಓದಿದರೆ ಎಲ್ಲ ಅರ್ಥವಾದಂತೆಯೇ ಇರುತ್ತದೆ. ಉತ್ತರ ಮುಚ್ಚಿಟ್ಟು ನೀವೇ ಬಿಡಿಸಲು ಕುಳಿತಾಗ ಎಲ್ಲಿ ನಿಂತಿರೋ ಅಲ್ಲಿಂದ ಪಾಠ ಶುರು.

ಮನೆಯವರಿಗೆ ಹೇಳುವುದನ್ನು ಅಪೀಲಿನ ಫಲಿತಾಂಶ ಬರುವವರೆಗೆ ಮುಂದೂಡೋಣ ಅನ್ನಿಸಬಹುದು. ಒಪ್ಪಿಗೆ ಸಿಕ್ಕರೆ ಹೇಳುವುದೇ ಬೇಡ ಎಂಬ ಆಸೆಯೂ ಇರಬಹುದು. ಆದರೆ ನಿಮ್ಮನ್ನು ಇಲ್ಲಿಯವರೆಗೆ ತಂದದ್ದೇ ಆ ಮುಚ್ಚಿಡುವಿಕೆ. ಮೊದಲು ಮೇಷ್ಟ್ರಿಂದ, ಆಮೇಲೆ ಕ್ಲಾಸಿನಿಂದ, ಈಗ ಮನೆಯಿಂದ. ಅಪ್ಪ ಕೂಗಾಡಬಹುದು, ಅಮ್ಮ ಅಳಬಹುದು. ಮಗ ಒಬ್ಬನೇ ಇಷ್ಟು ತಿಂಗಳು ಹೀಗಿದ್ದ ಎಂದು ತಡವಾಗಿ ತಿಳಿದರೆ ಅವರಿಗೆ ಆಗುವ ಸಂಕಟ ಅದಕ್ಕಿಂತ ದೊಡ್ಡದು. ಅಪೀಲಿನ ಪತ್ರಕ್ಕೆಂದು ನೀವು ಬರೆಯುವ ಆ ಒಂದು ಪುಟವನ್ನೇ ಅವರಿಗೂ ಓದಿ ಹೇಳಬಹುದು. ಸುಳ್ಳು ಬೇಡ ಎಂದು ನಾನು ಹಟ ಹಿಡಿದದ್ದು ಇದಕ್ಕೂ ಸೇರಿಸಿಯೇ.

ಅಕ್ಕನ ಜೊತೆ ಮಾತು ಹೇಗೆ ಶುರುಮಾಡಲಿ ಎಂದು ತೋಚದಿದ್ದರೆ ಇದನ್ನು ನೋಡಿಕೊಂಡೇ ಓದಿ: 'ಅಕ್ಕಾ, ನಾನು ಫೇಲಾಗಿದ್ದೀನಿ, ತೆಗೆದುಹಾಕ್ತೀವಿ ಅಂತ ಪತ್ರ ಬಂದಿದೆ. ಮೈಮನಸ್ಸು ಯಾವುದೂ ಸರಿಯಿಲ್ಲ. ನಾಳೆ ಡಾಕ್ಟರ ಹತ್ತಿರ ಹೋಗ್ಬೇಕು, ಆಮೇಲೆ ಅಪ್ಪ ಅಮ್ಮನಿಗೆ ಹೇಳ್ಬೇಕು. ಎರಡಕ್ಕೂ ನೀನು ಜೊತೆಗಿರು.'