ಮರುಭೂಮಿ ರೆಸಾರ್ಟ್‌ನಲ್ಲಿ ಟೆಂಟ್ ಒಳ್ಳೆಯದಾ, ಕಲ್ಲುಗೋಡೆಯ ಕೋಣೆಯಾ?

ಡಿಸೆಂಬರಿನಲ್ಲಿ ಕಾಸರಗೋಡಿನಿಂದ ಅಜ್ಜಿ, ಮಕ್ಕಳನ್ನು ಕರೆದುಕೊಂಡು ಜೈಸಲ್ಮೇರ್‌ಗೆ ಹೊರಟಿದ್ದೀರಿ, ಅಲ್ವಾ? ಹಾಗಾದರೆ ಟೆಂಟ್ ಬೇಡ, ದಪ್ಪ ಕಲ್ಲುಗೋಡೆಯ ಕೋಣೆ ಇರುವ ರೆಸಾರ್ಟ್ ನೋಡಿ.

ಕಾರಣ ರಾತ್ರಿಯ ಚಳಿ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಅದು ನೆಲದ ಬಿಸಿ ಬೇಗ ಆರದಂತೆ ತಡೆಯುತ್ತದೆ. ಅಲ್ಲಿನ ಗಾಳಿ ಒಣ. ಹಗಲು 25 ಡಿಗ್ರಿ ಆಸುಪಾಸು ಇದ್ದದ್ದು ರಾತ್ರಿ 10ಕ್ಕಿಂತ ಕೆಳಗೆ ಇಳಿಯುತ್ತದೆ. ಕಲ್ಲುಗೋಡೆ ಹಗಲಿನ ಬಿಸಿ ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಬಟ್ಟೆಯಿಂದ ಅದು ಆಗದು. ನನ್ನ ಅಮ್ಮ ಟೆಂಟಿನಲ್ಲಿ ಎರಡು ರಜಾಯಿ ಹೊದ್ದು, ಕಾಲುಚೀಲ ಹಾಕಿಕೊಂಡರೂ ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ.

ಸಮ್ ಮರಳುದಿಬ್ಬ ಊರಿಂದ ಸುಮಾರು 40 ಕಿ.ಮೀ., ಸಂಜೆ ನೋಡಿ ಬನ್ನಿ. ಬುಕ್ ಮಾಡುವ ಮೊದಲು ಫೋನ್ ಮಾಡಿ, ಬೆಳಿಗ್ಗೆ ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ಹಾಡು ಕುಣಿತದ ಜಾಗ ಕೋಣೆಗೆ ಎಷ್ಟು ಹತ್ತಿರ ಅಂತ ಕೇಳಿ.