ವಿಡಂಬನೆ ಬರೆಯಲು ಹೋದರೆ ಬೈಗುಳ ಯಾಕಾಗುತ್ತದೆ?

ನಿಮ್ಮ ಕಥೆ ಓದಿದವರು "ಇದು ವಿಡಂಬನೆಯಲ್ಲ, ಬೈಗುಳ" ಅಂದರು, ನಿಜ ರಾಜಕಾರಣಿಯ ಹೆಸರನ್ನು ಒಂದಕ್ಷರ ತಿರುಚಿ ಇಟ್ಟಿದ್ದು ತಪ್ಪಾಯಿತೇ ಅಂತ ಕೇಳಿದ್ದೀರಿ. ಹೌದು, ಆ ಹೆಸರು ತೆಗೆಯಿರಿ. ಓದುಗ 'ಓ, ಇವನು ಅವನೇ' ಎಂದು ಒಗಟು ಬಿಡಿಸಿದ ಕೂಡಲೇ ಅವನ ಕುತೂಹಲ ಮುಗಿಯುತ್ತದೆ; ಆ ಮನುಷ್ಯ ಕುರ್ಚಿ ಬಿಟ್ಟ ದಿನ ಕಥೆಯೂ ಹಳಸುತ್ತದೆ. ಮಾನನಷ್ಟದ ಮೊಕದ್ದಮೆಯಿಂದ ಪಾರಾಗಲೂ ಅಕ್ಷರ ತಿರುಚಿದರೆ ಸಾಲದು, ಯಾರೆಂದು ಗುರುತು ಸಿಕ್ಕರೆ ಮುಗಿಯಿತು.

ಆದರೆ ಕಥೆ ಕೆಟ್ಟಿರುವುದು ಮುಖ್ಯವಾಗಿ ವಿಶೇಷಣಗಳಿಂದ. ನೀವು ಕೊಟ್ಟ ಸಾಲು: "ಸೇತುವೆ ಕುಸಿದರೂ ಆ ಭ್ರಷ್ಟ ಮಂತ್ರಿ ನಾಚಿಕೆಯಿಲ್ಲದೆ ನಕ್ಕ." ತೀರ್ಪನ್ನು ನೀವೇ ಕೊಟ್ಟಿರಿ, ಓದುಗನಿಗೆ ಕೆಲಸ ಉಳಿಯಲಿಲ್ಲ. ಅದನ್ನೇ ಇಲಾಖೆಯ ಬಾಯಲ್ಲಿ ಹೇಳಿಸಿ ನೋಡಿ: "ಸೇತುವೆಯು ನಿಗದಿತ ಅವಧಿಗಿಂತ ಮುಂಚಿತವಾಗಿ ನದಿಯನ್ನು ತಲುಪಿರುವುದನ್ನು ಗಮನಿಸಲಾಗಿದೆ. ಉದ್ಘಾಟನೆಯನ್ನು ದೋಣಿಯಲ್ಲಿ ನೆರವೇರಿಸಲಾಗುವುದು."

ಆ 'ಲಾಗಿದೆ', 'ಲಾಗುವುದು' ಗಮನಿಸಿ. ಗಮನಿಸಿದವರು ಯಾರು, ನೆರವೇರಿಸುವವರು ಯಾರು? ಕರ್ತೃವೇ ಮಾಯ. ಹೊಣೆ ಜಾರಿಸಿಕೊಳ್ಳಲು ಕನ್ನಡದ ಕಚೇರಿ ಭಾಷೆ ಕಂಡುಕೊಂಡ ಈ ಉಪಾಯಕ್ಕಿಂತ ಹರಿತವಾದ ಆಯುಧ ವಿಡಂಬನಕಾರನಿಗೆ ಸಿಗುವುದು ಕಷ್ಟ. ಒಂದು ಸುತ್ತೋಲೆಯನ್ನು ಎದುರಿಗಿಟ್ಟುಕೊಂಡು ಅದರ ವಾಕ್ಯರಚನೆಯನ್ನು ಹಾಗೇ ಎತ್ತಿಕೊಳ್ಳಿ, ವಿಷಯ ಮಾತ್ರ ಬದಲಿಸಿ.

ಅಸಂಬದ್ಧತೆ ಒಂದೇ ಇರಲಿ. ಕುಸಿದ ಸೇತುವೆಗೆ ಉದ್ಘಾಟನೆ ಎಂದು ಒಪ್ಪಿಕೊಂಡ ಮೇಲೆ ಮಿಕ್ಕಿದ್ದೆಲ್ಲ ಕಟ್ಟುನಿಟ್ಟಾಗಿ ತರ್ಕಬದ್ಧವಾಗಿರಬೇಕು: ರಿಬ್ಬನ್ ಕಟ್ಟಲು ಕಂಬ ಎಲ್ಲಿ, ದೋಣಿಗೆ ಟೆಂಡರ್ ಯಾರಿಗೆ, ಈಜು ಬಾರದ ಅಧಿಕಾರಿಗಳ ಆಸನ ವ್ಯವಸ್ಥೆ ಹೇಗೆ. ನಡುವೆ ಮಾತಾಡುವ ಮೀನು ತಂದರೆ ಎರಡೂ ಅಸಂಬದ್ಧತೆಗಳು ಸಡಿಲವಾಗುತ್ತವೆ. ಐರ್ಲೆಂಡಿನ ವಿಡಂಬನಕಾರ ಜೊನಾಥನ್ ಸ್ವಿಫ್ಟ್ 1729ರಲ್ಲಿ ಬಡವರ ಮಕ್ಕಳನ್ನು ಉಳ್ಳವರ ಊಟಕ್ಕೆ ಮಾರುವ 'ಸಲಹೆ' ಕೊಟ್ಟಾಗ ಮಾಡಿದ್ದೂ ಲೆಕ್ಕವನ್ನೇ: 1,20,000 ಮಕ್ಕಳಲ್ಲಿ 20,000 ತಳಿ ಬೆಳೆಸಲು, ಬಾಕಿ ಒಂದು ಲಕ್ಷ ಮಾರಾಟಕ್ಕೆ. ಆ ತಣ್ಣನೆಯ ಅಂಕಿಗಳೇ ಮೈ ನಡುಗಿಸುವುದು.

ಕಥೆಯನ್ನು ಮಂತ್ರಿಯ ಕಣ್ಣಿನಿಂದ ಹೇಳಬೇಡಿ. ಆ ಸುತ್ತೋಲೆಯನ್ನು ಟೈಪ್ ಮಾಡಬೇಕಾದ ಗುಮಾಸ್ತನನ್ನು ಹಿಡಿಯಿರಿ. ಅವನಿಗೆ ಎಲ್ಲ ಗೊತ್ತು, ಆದರೂ 'ಕುಸಿತ' ಎಂದು ಬರೆಯುವಂತಿಲ್ಲ. ಅವನ ಬೆರಳು ಆ ಪದದ ಮೇಲೆ ತಡೆಯುವಲ್ಲಿ ನಿಮ್ಮ ಕಥೆ ಇದೆ.

ಇನ್ನು, ಕೊನೆಯ ಪ್ಯಾರಾದಲ್ಲಿ "ಇದು ನಮ್ಮ ವ್ಯವಸ್ಥೆಯ ದುರಂತ" ಅಂತ ಬರೆದಿದ್ದೀರಲ್ಲ, ಅದನ್ನು ಅಳಿಸಿ.