ತಂದೆಯನ್ನೇ ವಂಚಿಸಿದ ಯಾಕೋಬನನ್ನು ದೇವರು ಏಕೆ ಕೈಬಿಡಲಿಲ್ಲ?

ನಾಡನ್ನೂ ಸಂತತಿಯನ್ನೂ ಕೊಡುವೆನೆಂಬ ದೇವರ ವಾಗ್ದಾನವು ಯಾಕೋಬನ ಯೋಗ್ಯತೆಯ ಮೇಲೆ ನಿಂತಿರಲಿಲ್ಲ ಎಂಬುದೇ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಿಂದ ದೊರೆಯುವ ಉತ್ತರ. ಅದು ಅವನ ಅಜ್ಜ ಅಬ್ರಹಾಮನಿಗೆ ಕೊಟ್ಟ ಮಾತಾಗಿತ್ತು. ಆ ಮನೆಯಲ್ಲಿ ತಪ್ಪು ಒಬ್ಬರದಲ್ಲ: ಬೇಟೆಯ ಮಾಂಸದ ರುಚಿಗೆ ತಂದೆ ಇಸಾಕನು ಹಿರಿಯ ಮಗ ಏಸಾವನ ಕಡೆ ವಾಲಿದ್ದನು, ಕಣ್ಣು ಮಂಜಾಗಿದ್ದ ಗಂಡನನ್ನು ಮರುಳು ಮಾಡಿ ಏಸಾವನಿಗೆ ಸಲ್ಲಬೇಕಿದ್ದ ಆಶೀರ್ವಾದವನ್ನು ಯಾಕೋಬನಿಗೆ ಕೊಡಿಸಲು ತಾಯಿ ರೆಬೆಕ್ಕಳೇ ಆ ಕಿರಿಯ ಮಗನ ಕೈಗಳಿಗೂ ಕೊರಳಿಗೂ ಆಡುಮರಿಯ ಚರ್ಮವನ್ನು ಸುತ್ತಿದಳು. ಅಣ್ಣನಿಗೆ ಹೆದರಿ ಓಡುತ್ತಿದ್ದ ಯಾಕೋಬನು ಬೇತೇಲಿನಲ್ಲಿ ಕಲ್ಲನ್ನು ತಲೆದಿಂಬಾಗಿಸಿಕೊಂಡು ಮಲಗಿದ್ದ ರಾತ್ರಿ, ದೇವರು ಗದರಿಕೆಯ ಒಂದು ಮಾತನ್ನೂ ಆಡದೆ, ಅವನೊಂದಿಗಿದ್ದು ಕಾಪಾಡಿ ಅದೇ ನಾಡಿಗೆ ಮರಳಿ ಕರೆತರುವ ಭರವಸೆಯನ್ನು ಕೊಟ್ಟನು (28:15). ಹಾಗೆಂದು ತಪ್ಪಿನ ಫಲ ಅವನಿಗೆ ತಪ್ಪಿತೆಂದು ನಾನು ಓದುವುದಿಲ್ಲ: ರಾಹೇಲಳನ್ನು ಮದುವೆಯಾಗಲು 7 ವರ್ಷ ದುಡಿದವನಿಗೆ ಅವಳ ತಂದೆ, ಸೋದರಮಾವ ಲಾಬಾನನು ಅವಳ ಅಕ್ಕ ಲೇಯಳನ್ನು ಕೊಟ್ಟು ವಂಚಿಸಿದನು. ಒಟ್ಟು 20 ವರ್ಷಗಳ ಬಳಿಕ ಯಾಕೋಬನು ಮರಳಿದಾಗ ಏಸಾವನು ಓಡಿಬಂದು ಅಪ್ಪಿಕೊಂಡನು. ತಾಯಿಯನ್ನು ಮತ್ತೆ ಕಂಡನೆಂದು ಮಾತ್ರ ಎಲ್ಲೂ ಬರೆದಿಲ್ಲ.